ಮೊಳೆಗಳ ಮೇಲೆ ಕೂತ ಬೋರ್ಡು

ಪವರ್ ಸಪ್ಲೈ ಬೋರ್ಡನ್ನು ಕೈಯಿಂದ ಪರೀಕ್ಷಿಸುವವರು ಮೇನ್ಸ್ ಕೊಡಬೇಕು, ಲೋಡ್ ಹಾಕಬೇಕು, ಮೀಟರ್ ನೋಡಿ ಹಾಳೆಯಲ್ಲಿ ಬರೆದುಕೊಳ್ಳಬೇಕು. ದಿನಕ್ಕೆ ಹತ್ತು ಬೋರ್ಡಾದರೆ ಸರಿ. 1977ರ ಆಪಲ್-2ಕ್ಕೆ ರಾಡ್ ಹೋಲ್ಟ್ ರೂಪಿಸಿದ 38 ವಾಟ್‌ನ ಸ್ವಿಚಿಂಗ್ ಸಪ್ಲೈ, 1981ರ ಐಬಿಎಂ ಪಿಸಿಯೊಳಗಿನ 63.5 ವಾಟ್‌ನ ಸಪ್ಲೈ ಮನೆಮನೆಗೆ, ಕಚೇರಿಗೆ ಹೊರಟ ಮೇಲೆ ಈ ಕ್ರಮ ಸಾಲುವಂತಿರಲಿಲ್ಲ. ಬೇಕಾದ ಸಾಧನಗಳು ಅಷ್ಟರಲ್ಲಿ ಬೇರೆ ಬೇರೆ ಕಡೆ ಹುಟ್ಟಿದ್ದವು.

1960ರಲ್ಲಿ ಎಂಐಟಿ ಸಹಪಾಠಿಗಳಾದ ಅಲೆಕ್ಸ್ ಡಾರ್ಬೆಲಾಫ್ ಮತ್ತು ನಿಕ್ ಡಿವುಲ್ಫ್ ಬಾಸ್ಟನ್ನಿನ ಹಾಟ್‌ಡಾಗ್ ಅಂಗಡಿಯೊಂದರ ಮಹಡಿಯಲ್ಲಿ ಟೆರಾಡೈನ್ ಕಂಪನಿ ಶುರುಮಾಡಿದರು. ಮೊದಲ ಯಂತ್ರ ಡಯೋಡ್‌ಗಳನ್ನಷ್ಟೇ ಪರೀಕ್ಷಿಸುತ್ತಿತ್ತು. 1966ರ ಜೆ259 ಯಂತ್ರಕ್ಕೆ ಪಿಡಿಪಿ-8 ಮಿನಿಕಂಪ್ಯೂಟರನ್ನೇ ಜೋಡಿಸಿದರು. ಪರೀಕ್ಷೆಯ ಹೆಜ್ಜೆಗಳು ಪ್ರೋಗ್ರಾಮ್ ಆದವು.

ಇದಕ್ಕಿಂತ ದೊಡ್ಡ ತಿರುವು ಒಂದು ಕೇಬಲ್ಲಿನಿಂದ ಬಂತು. 1960ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ತನ್ನ ಉಪಕರಣಗಳಿಗಾಗಿ ರೂಪಿಸತೊಡಗಿದ ಸಂಪರ್ಕ ವ್ಯವಸ್ಥೆ 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. 24 ಪಿನ್ನಿನ ಕನೆಕ್ಟರುಗಳನ್ನು ಒಂದರ ಬೆನ್ನ ಮೇಲೊಂದು ಕೂರಿಸುತ್ತ ಹೋದರೆ ಒಟ್ಟು 20 ಮೀಟರ್ ಒಳಗೆ 15 ಉಪಕರಣಗಳು ಒಂದೇ ಸಾಲಿಗೆ ಸೇರುತ್ತಿದ್ದವು. ಒಬ್ಬರ ವೋಲ್ಟ್‌ಮೀಟರು, ಇನ್ನೊಬ್ಬರ ಎಲೆಕ್ಟ್ರಾನಿಕ್ ಲೋಡು, ಮತ್ತೊಬ್ಬರ ಎಸಿ ಮೂಲ: ಮೂರನ್ನೂ ಒಂದೇ ಕಂಪ್ಯೂಟರ್ ಆಳಬಹುದಿತ್ತು. ದುಬಾರಿ ಯಂತ್ರ ಕೊಳ್ಳಲಾಗದ ಸಣ್ಣ ಕಾರ್ಖಾನೆಗೂ ಸ್ವಯಂಚಾಲಿತ ಪರೀಕ್ಷೆ ಎಟುಕಿದ್ದು ಹೀಗೆ.

ಬೋರ್ಡನ್ನು ತಲುಪುವ ಕೆಲಸ ಸ್ಪ್ರಿಂಗ್ ಪಿನ್ನುಗಳದ್ದು. ಬೋರ್ಡಿನ ತಾಮ್ರದ ಬಿಂದುಗಳಿಗೆ ಸರಿಯಾಗಿ ನೆಟ್ಟ ಇಂಥ ಪಿನ್ನುಗಳ ಜಿಗ್ಗನ್ನು ಮೊಳೆಹಾಸಿಗೆ ಎನ್ನುತ್ತಾರೆ. ಪವರ್ ಸಪ್ಲೈಗೆ ಇದನ್ನು ಕಟ್ಟುವುದರಲ್ಲಿ ವಿಶೇಷ ಜಾಣ್ಮೆ ಬೇಕು. 5 ವೋಲ್ಟಿನ ಔಟ್‌ಪುಟ್‌ನಿಂದ 20 ಆಂಪಿಯರ್ ಎಳೆಯುವಾಗ, ಪಿನ್ ತಾಗುವ ಜಾಗದಲ್ಲಿ 5 ಮಿಲಿಓಮ್ ಅಡ್ಡಿಯಿದ್ದರೆ ಅಲ್ಲೇ 0.1 ವೋಲ್ಟ್ ಕಳೆದುಹೋಗುತ್ತದೆ. ಶೇ. 5ರ ಮಿತಿಯೆಂದರೆ 0.25 ವೋಲ್ಟ್ ಮಾತ್ರ. ಒಳ್ಳೆಯ ಬೋರ್ಡೂ ಫೇಲಾಗಬಹುದು. ಅದಕ್ಕೇ ಕರೆಂಟ್ ಹೊರುವ ಪಿನ್ನುಗಳೇ ಬೇರೆ, ವೋಲ್ಟೇಜ್ ಅಳೆಯುವವೇ ಬೇರೆ. 19ನೇ ಶತಮಾನದಲ್ಲಿ ಕೆಲ್ವಿನ್ ತೋರಿಸಿದ ದಾರಿ ಇದು.

ಪರೀಕ್ಷೆಯ ಸರದಿಯೂ ಅಷ್ಟೇ ಮುಖ್ಯ. ಕರೆಂಟ್ ಕೊಡುವ ಮೊದಲು ಶಾರ್ಟ್ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ತಿರುಗುಮುರುಗಾಗಿ ಬೆಸೆದ ಒಂದು ಡಯೋಡ್ ಪಕ್ಕದ ಟ್ರಾನ್ಸಿಸ್ಟರನ್ನೂ ಸುಟ್ಟುಹಾಕುತ್ತದೆ. ಆಮೇಲೆ 90ರಿಂದ 264 ವೋಲ್ಟ್‌ವರೆಗೆ ಇನ್‌ಪುಟ್ ಬದಲಿಸುತ್ತ ಔಟ್‌ಪುಟ್ ಕದಲುತ್ತದೆಯೇ, ಲೋಡ್ ಏರಿಸಿದಾಗ ಕುಸಿಯುತ್ತದೆಯೇ, ರಿಪಲ್ ಎಷ್ಟು ಎಂದು ಅಳೆಯಬೇಕು. ಮೇನ್ಸ್ ಬದಿಯ ದೊಡ್ಡ ಕೆಪಾಸಿಟರ್ 230 ವೋಲ್ಟ್ ಎಸಿಯಲ್ಲೇ ಸುಮಾರು 325 ವೋಲ್ಟ್ ಡಿಸಿ ತುಂಬಿಕೊಂಡಿರುತ್ತದೆ. ಅದನ್ನು ಬರಿದು ಮಾಡುವ ತನಕ ಜಿಗ್ಗಿನ ಮುಚ್ಚಳ ತೆರೆಯದಂತೆ ಬೀಗ ಇರಲೇಬೇಕು. ಕೆಲಸಗಾರರ ಜೀವ ಕಾಯುವ ಈ ಬೀಗದಲ್ಲಿ ಖರ್ಚು ಉಳಿಸುವುದು ಅಕ್ಷಮ್ಯ.

1990ರಲ್ಲಿ ಎರಡು ಮಾನಕಗಳು ಹೊರಬಂದವು. ಚಿಪ್ಪುಗಳೊಳಗಿಂದಲೇ ಸಂಪರ್ಕಗಳನ್ನು ಪರೀಕ್ಷಿಸುವ ಜೆಟ್ಯಾಗ್ ಡಿಜಿಟಲ್ ಬೋರ್ಡುಗಳಲ್ಲಿ ಪಿನ್ನುಗಳ ಸಂಖ್ಯೆ ಇಳಿಸಿತು. ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳದ್ದೇ ಕಾರುಬಾರಾದ ಪವರ್ ಬೋರ್ಡಿಗೆ ಅದರಿಂದ ಹೆಚ್ಚು ನೆರವಾಗಲಿಲ್ಲ. ಅಲ್ಲಿ ಮೊಳೆಗಳೇ ಉಳಿದವು. ಇನ್ನೊಂದು ಎಸ್‌ಸಿಪಿಐ: ಯಾವ ಕಂಪನಿಯ ಮೀಟರಾದರೂ ಒಂದೇ ಬಗೆಯ ಆದೇಶಕ್ಕೆ ಉತ್ತರಿಸಬೇಕೆಂಬ ಒಪ್ಪಂದ. ದಪ್ಪ ಕೇಬಲ್ಲಿನ ಜಾಗಕ್ಕೆ ಯುಎಸ್‌ಬಿ, ಲ್ಯಾನ್ ಬಂದರೂ ಟೆಸ್ಟ್ ಬೆಂಚುಗಳಲ್ಲಿ ಅವೇ ಆದೇಶಗಳು ಇಂದಿಗೂ ಓಡುತ್ತಿವೆ.