ಹೊಸ ಡಿಸ್ಕ್ ಜೋಡಿಸಿದ ಮೇಲೆ ಕಂಪ್ಯೂಟರ್ ಆರಂಭವಾಗದಿದ್ದರೆ

ಹಳೆಯ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ನಕಲು ಮಾಡಿ ಜೋಡಿಸಿದ ಬಳಿಕ ಕಂಪ್ಯೂಟರ್ ಕಪ್ಪು ಪರದೆಯಲ್ಲೇ ನಿಂತುಬಿಡುವುದುಂಟು. ಕಡತಗಳು ಹೋದವೆಂದು ಗಾಬರಿಪಡಬೇಕಿಲ್ಲ. ಹೊಸದು ಸರಿಯಾಗಿ ನಡೆಯುವವರೆಗೆ ಹಳೆಯ ಡಿಸ್ಕನ್ನು ಮಾತ್ರ ಅಳಿಸಬಾರದು.

ಮೊದಲು ಹಳೆಯ ಡಿಸ್ಕನ್ನು ಕಳಚಿಟ್ಟು, ಬಯೋಸ್ ಸೆಟಪ್‌ನಲ್ಲಿ ಹೊಸದು ಕಾಣುತ್ತಿದೆಯೇ, ಬೂಟ್ ಕ್ರಮದಲ್ಲಿ ಮೊದಲಿದೆಯೇ ಎಂದು ನೋಡಬೇಕು. ಕಾಣದಿದ್ದರೆ ಕೇಬಲ್ ಸಡಿಲವಾಗಿರಬಹುದು.

ಹಲವರು ಎಡವುವುದು ಬೇರೆಡೆ. ಯುಇಎಫ್‌ಐ ವ್ಯವಸ್ಥೆಯ ಯಂತ್ರಗಳಲ್ಲಿ ವಿಂಡೋಸ್‌ಗೆ ಚಾಲನೆ ನೀಡುವ ಕಡತಗಳು ಸಿ ಡ್ರೈವ್‌ನಲ್ಲಿರದೆ, ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಪ್ರತ್ಯೇಕ ಇಎಫ್‌ಐ ವಿಭಾಗದಲ್ಲಿರುತ್ತವೆ. ಸಿ ಡ್ರೈವ್ ಒಂದನ್ನೇ ನಕಲು ಮಾಡಿದರೆ ಯಂತ್ರಕ್ಕೆ ದಾರಿಯೇ ಸಿಗದು. ಇಡೀ ಡಿಸ್ಕನ್ನು ಮತ್ತೊಮ್ಮೆ ನಕಲು ಮಾಡುವುದೇ ಸುಲಭ. ವಿಭಾಗವಿದ್ದೂ ಅದರೊಳಗಿನ ಕಡತಗಳು ಕೆಟ್ಟಿದ್ದರೆ, ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್‌ನಿಂದ ಕಮಾಂಡ್ ಪ್ರಾಂಪ್ಟ್ ತೆರೆದು ‘ಬಿಸಿಡಿಬೂಟ್’ ಆದೇಶದಿಂದ ಅವನ್ನು ಮತ್ತೆ ಬರೆಸಬಹುದು. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರುವುದುಂಟು. ಆದೇಶ ನೀಡುವ ಮುನ್ನ ವಿಂಡೋಸ್ ಯಾವುದರಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು.

ಹಳೆಯ ಡಿಸ್ಕ್ ಎಂಬಿಆರ್ ಮಾದರಿಯದಾಗಿದ್ದು, ಯಂತ್ರ ಯುಇಎಫ್‌ಐಗೆ ಮಾತ್ರ ಹೊಂದಿಕೊಂಡಿದ್ದರೆ ನಕಲು ಎಷ್ಟೇ ನಿಖರವಾಗಿದ್ದರೂ ವ್ಯರ್ಥ. ಅದನ್ನು ಜಿಪಿಟಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಸಾಧನ 2017ರಲ್ಲಿ ವಿಂಡೋಸ್ 10ರೊಂದಿಗೆ ಬಂತು.

ಬಿಟ್‌ಲಾಕರ್ ಬಳಸುತ್ತಿರುವವರು 48 ಅಂಕಿಗಳ ರಿಕವರಿ ಕೀಯನ್ನು ಈ ಕೆಲಸಕ್ಕೆ ಕೈಹಾಕುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಕೀ ಕಳೆದುಕೊಂಡರೆ ರಿಪೇರಿ ಅಂಗಡಿಯವರೂ ಏನೂ ಮಾಡಲಾರರು.