ಸುಂಕದ ಕಟ್ಟೆಯ ದಂಡ: ದಿವಾಣಿಯೋ, ಫೌಜದಾರಿಯೋ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಬಲು ಹಳೆಯದು. ಸುಂಕದವನು ಹಣ ವಸೂಲು ಮಾಡುವವನೇ ಹೊರತು ಅಹವಾಲು ಕೇಳುವವನಲ್ಲವೆಂದು ಅದರ ಭಾವ. ಆದರೆ ನಮ್ಮ ಕಾಲದ ಕಾಯಿದೆಯಲ್ಲಿ ಆ ಅಧಿಕಾರಿಯೇ ವಿಚಾರಣೆ ನಡೆಸಿ ದಂಡವನ್ನೂ ವಿಧಿಸುತ್ತಾನೆ. ಈ ವಿಚಾರಣೆಯನ್ನು ದಿವಾಣಿ ಎನ್ನಬೇಕೆ, ಫೌಜದಾರಿ ಎನ್ನಬೇಕೆ? ಇದು ಕೇವಲ ವಕೀಲರ ವಾಗ್ವಾದವಲ್ಲ. ಒಂದೇ ಅಪರಾಧಕ್ಕೆ ಒಬ್ಬನ ಮೇಲೆ ಎರಡು ಸಲ ಮೊಕದ್ದಮೆ ಹೂಡಿ ಶಿಕ್ಷಿಸಬಾರದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಸುಂಕದ ದಂಡವು ಫೌಜದಾರಿ ಶಿಕ್ಷೆಯಾದರೆ ಮಾತ್ರ ಈ ಅಭಯ ಪ್ರಜೆಗೆ ದೊರೆಯುವುದು.

ಪ್ರಶ್ನೆ ಮೊದಲು ಇತ್ಯರ್ಥವಾದದ್ದು ಮಕ್ಬೂಲ್ ಹುಸೇನರ ಮೊಕದ್ದಮೆಯಲ್ಲಿ. 1949ರ ನವೆಂಬರಿನಲ್ಲಿ ಜೆಡ್ಡಾದಿಂದ ಬಂದು ಮುಂಬಯಿಯ ಸಾಂತಾಕ್ರೂಸ್ ವಿಮಾನ ನಿಲ್ದಾಣದಲ್ಲಿಳಿದ ಅವರಲ್ಲಿ 107 ತೊಲೆಗೂ ಮಿಕ್ಕ ಚಿನ್ನ ಸಿಕ್ಕಿತು. ಅಧಿಕಾರಿಗಳು 1878ರ ಸಮುದ್ರ ಸುಂಕದ ಕಾಯಿದೆಯಂತೆ ಅದನ್ನು ಮುಟ್ಟುಗೋಲು ಹಾಕಿ, 12,000 ರೂಪಾಯಿ ತೆತ್ತು ಬಿಡಿಸಿಕೊಳ್ಳಬಹುದೆಂದರು. ಅನಂತರ 1950ರಲ್ಲಿ ವಿದೇಶೀ ವಿನಿಮಯದ ಕಾಯಿದೆಯನ್ವಯ ಮ್ಯಾಜಿಸ್ಟ್ರೇಟರ ಮುಂದೆಯೂ ಮೊಕದ್ದಮೆ ಹೂಡಲಾಯಿತು. ಒಂದೇ ತಪ್ಪಿಗೆ ಎರಡು ಶಿಕ್ಷೆಯೆ ಎಂಬುದು ಅವರ ಆಕ್ಷೇಪಣೆ. 1953ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸುಂಕದ ಅಧಿಕಾರಿ ನ್ಯಾಯಸ್ಥಾನವಲ್ಲ. ಅವನ ಮುಂದಿನ ಕಲಾಪ ಮೊಕದ್ದಮೆಯಲ್ಲ. ಮುಟ್ಟುಗೋಲು ಶಿಕ್ಷೆಯೂ ಅಲ್ಲ ಎಂದಿತು.

1958ರಲ್ಲಿ ಥಾಮಸ್ ಡಾನಾ ಮೊಕದ್ದಮೆಯಲ್ಲಿ ವೈಯಕ್ತಿಕ ದಂಡದ ಬಗೆಗೂ ಬಹುಮತ ಇದೇ ದಾರಿ ಹಿಡಿಯಿತು. ನ್ಯಾಯಮೂರ್ತಿ ಸುಬ್ಬರಾವ್ ಒಬ್ಬರೇ ಭಿನ್ನಮತ ತಾಳಿ, ಅದು ಮೊಕದ್ದಮೆಯೂ ಹೌದು, ಶಿಕ್ಷೆಯೂ ಹೌದು ಎಂದರು. 1962ರ ಸುಂಕದ ಕಾಯಿದೆಯ 127ನೆಯ ಕಲಮು ಸಂಶಯವನ್ನೇ ಅಳಿಸಿತು: ಅಧಿಕಾರಿಯ ದಂಡವು ಕೋರ್ಟಿನ ಶಿಕ್ಷೆಗೆ ಅಡ್ಡಿಯಾಗದು. 1968ರಲ್ಲಿ ರಮೇಶಚಂದ್ರ ಮೆಹ್ತಾ ಮೊಕದ್ದಮೆಯಲ್ಲಿ, ಇಂಥ ವಿಚಾರಣೆಗೆ ಒಳಗಾದವನು ಇನ್ನೂ ಆರೋಪಿಯಲ್ಲವೆಂದೂ ಅವನ ಹೇಳಿಕೆಯನ್ನು ಅವನ ವಿರುದ್ಧ ಬಳಸಬಹುದೆಂದೂ ತೀರ್ಪಾಯಿತು.

ಹಾಗಾದರೆ ಇದು ಶುದ್ಧ ದಿವಾಣಿಯೆ? ಅದೂ ಅಲ್ಲ. 1974ರ ಭೂರ್ಮಲ್ ತೀರ್ಪು ಮುಟ್ಟುಗೋಲು ವಸ್ತುವಿನ ಮೇಲಿನದು, ದಂಡ ವ್ಯಕ್ತಿಯ ಮೇಲಿನದು ಎಂದು ಬೇರ್ಪಡಿಸಿತು. ಕಾಯಿದೆ ಬೇರೆ ರೀತಿ ಹೇಳದಿದ್ದಲ್ಲಿ ಕಳ್ಳಸಾಗಣೆಯನ್ನು ರುಜುಪಡಿಸುವ ಹೊಣೆ ಇಲಾಖೆಯದೇ ಎಂದಿತು. ಆದರೆ ಗಣಿತದಷ್ಟು ಖಚಿತ ರುಜುವಾತು ಬೇಕಿಲ್ಲವೆಂದೂ ಸೇರಿಸಿತು. 2011ರಲ್ಲಿ ವಿದೇಶೀ ವಿನಿಮಯಕ್ಕೆ ಸೇರಿದ ರಾಧೇಶ್ಯಾಮ್ ಕೇಜ್ರಿವಾಲ್ ಮೊಕದ್ದಮೆಯಲ್ಲಿ, ಇಲಾಖೆಯ ವಿಚಾರಣೆಯಲ್ಲೇ ಆರೋಪ ನಿರಾಧಾರವೆಂದು ಬಿಡುಗಡೆಯಾದವನನ್ನು ಅದೇ ಸಂಗತಿಗಳ ಮೇಲೆ ಕೋರ್ಟಿಗೆಳೆಯಬಾರದೆಂದು ಬಹುಮತದ ತೀರ್ಪು ಬಂದಿತು.

ಇದರಿಂದ ತಿಳಿಯುವುದಿಷ್ಟು: ರೂಪದಲ್ಲಿ ಇದು ಫೌಜದಾರಿಯಲ್ಲ, ಪೆಟ್ಟಿನಲ್ಲಿ ದಿವಾಣಿಯಲ್ಲ. ಕಳ್ಳಸಾಗಣೆಯನ್ನು ತಡೆಯಲು ಸರಕಾರಕ್ಕೆ ಚುರುಕಾದ ಅಧಿಕಾರ ಬೇಕೆಂಬುದು ನಿಜ. ಆದರೆ ದಂಡವನ್ನು ಯಾವ ಹೆಸರಿನಿಂದ ಕರೆದರೂ ತೆರುವವನ ಗಂಟು ಒಂದೇ. ವಸೂಲಿಯ ಇಲಾಖೆಯೇ ತೀರ್ಪಿನ ಪೀಠವನ್ನೂ ಏರಿದಾಗ, ಎದುರು ನಿಂತವನ ಮಾತನ್ನು ಕಿವಿಗೊಟ್ಟು ಕೇಳುವ ಹೊಣೆ ಇಮ್ಮಡಿಯಾಗುತ್ತದೆ. ಗಾದೆ ಸುಳ್ಳಾಗುವುದು ಆಗಲೇ.