ಬಹುರಾಷ್ಟ್ರೀಯ ಕಂಪನಿಗಳಲ್ಲಿ ಲಾಭದಾಯಕತೆಯ ವಿಶ್ಲೇಷಣೆ

ಲಾಭದಾಯಕತೆಯ ವಿಶ್ಲೇಷಣೆ ಎಂದರೆ ಒಂದು ಸಂಸ್ಥೆಯ ಒಟ್ಟು ಲಾಭವು ಯಾವ ಸರಕಿನಿಂದ, ಯಾವ ಗ್ರಾಹಕರಿಂದ, ಯಾವ ಪ್ರದೇಶದಿಂದ ಎಷ್ಟೆಷ್ಟು ಬಂದಿದೆ ಎಂಬುದನ್ನು ಬಿಡಿಸಿ ನೋಡುವ ಕ್ರಮ. ಹಲವು ದೇಶಗಳಲ್ಲಿ ವಹಿವಾಟು ನಡೆಸುವ ಕಂಪನಿಗಳು ಇದಕ್ಕಾಗಿ ಬಿಸಿನೆಸ್ ಇಂಟೆಲಿಜೆನ್ಸ್ ತಂತ್ರಾಂಶಗಳನ್ನು ಬಳಸುತ್ತವೆ. ವಾರ್ಷಿಕ ಲಾಭ-ನಷ್ಟದ ಪಟ್ಟಿಯು ಒಟ್ಟು ಮೊತ್ತವನ್ನು ತಿಳಿಸುತ್ತದೆ. ಆ ಮೊತ್ತದೊಳಗೆ ಅಡಗಿರುವ ಲಾಭ ಮತ್ತು ನಷ್ಟಗಳನ್ನು ಬೇರ್ಪಡಿಸಿ ತೋರಿಸುವುದು ಈ ವಿಶ್ಲೇಷಣೆಯ ಉದ್ದೇಶ.

ಇತಿಹಾಸ

ಐಬಿಎಂ ಸಂಸ್ಥೆಯ ಸಂಶೋಧಕ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಪದವನ್ನು ಬಳಸಿದರು. 1989ರಲ್ಲಿ ಹೊವಾರ್ಡ್ ಡ್ರೆಸ್ನರ್ ಅದನ್ನು ಇಂದಿನ ಅರ್ಥದಲ್ಲಿ ಬಳಕೆಗೆ ತಂದರು. 2007ರಲ್ಲಿ ಒರಾಕಲ್ ಕಂಪನಿಯು ಹೈಪೀರಿಯನ್ ಸಂಸ್ಥೆಯನ್ನು ಕೊಂಡುಕೊಂಡಿತು. 2008ರಲ್ಲಿ ಕಾಗ್ನೋಸ್ ಐಬಿಎಂ ಒಡೆತನಕ್ಕೂ ಬಿಸಿನೆಸ್ ಆಬ್ಜೆಕ್ಟ್ಸ್ ಎಸ್‌ಎಪಿ ಒಡೆತನಕ್ಕೂ ಸೇರಿದವು. ಮೈಕ್ರೋಸಾಫ್ಟ್‌ನ ಪವರ್ ಬಿಐ 2015ರಲ್ಲಿ ಸಾರ್ವಜನಿಕ ಬಳಕೆಗೆ ಬಂದಿತು.

ಕಾರ್ಯವಿಧಾನ

ಪ್ರತಿ ದೇಶದ ಶಾಖೆಯ ಮಾರಾಟ, ಖರೀದಿ, ಸಾಗಣೆ ಮತ್ತು ವೇತನದ ಲೆಕ್ಕಗಳನ್ನು ಮೊದಲು ಒಂದೆಡೆ ಸಂಗ್ರಹಿಸಲಾಗುತ್ತದೆ. ಒಂದೇ ಸರಕಿಗೆ ಬೇರೆಬೇರೆ ಶಾಖೆಗಳು ಬೇರೆಬೇರೆ ಸಂಕೇತ ಕೊಟ್ಟಿದ್ದರೆ ಅವನ್ನು ಏಕರೂಪಕ್ಕೆ ತರಲಾಗುತ್ತದೆ. ಹೀಗೆ ಶುದ್ಧಗೊಂಡ ಮಾಹಿತಿಯು ‘ದತ್ತಾಂಶ ಉಗ್ರಾಣ’ದಲ್ಲಿ ಶೇಖರವಾಗುತ್ತದೆ. ಅನಂತರ ಬಳಕೆದಾರರು ಅದನ್ನು ದೇಶ, ಸರಕು, ಗ್ರಾಹಕ, ಅವಧಿ ಮೊದಲಾದ ಆಯಾಮಗಳಲ್ಲಿ ಪರಿಶೀಲಿಸಬಹುದು. ಒಟ್ಟು ಮೊತ್ತದಿಂದ ಹಂತಹಂತವಾಗಿ ಇಳಿದು ಒಂದೇ ಬಿಲ್ಲಿನವರೆಗೂ ಹೋಗಬಹುದು.

ಮುಖ್ಯ ತೊಡಕುಗಳು

ವಿನಿಮಯ ದರ: ಜರ್ಮನಿಯ ಶಾಖೆಯೊಂದು ಎರಡು ವರ್ಷವೂ 10 ಕೋಟಿ ಯೂರೋ ಮೌಲ್ಯದ ಸರಕನ್ನು ಮಾರಿತೆಂದು ಭಾವಿಸೋಣ. ಯೂರೋವಿನ ಬೆಲೆ 1.20 ಡಾಲರ್‌ನಿಂದ 1.10 ಡಾಲರ್‌ಗೆ ಇಳಿದರೆ, ಅಮೆರಿಕದ ಕೇಂದ್ರ ಕಚೇರಿಯ ಲೆಕ್ಕದಲ್ಲಿ ಮಾರಾಟವು 12 ಕೋಟಿಯಿಂದ 11 ಕೋಟಿ ಡಾಲರ್‌ಗೆ ಕುಸಿದಂತೆ ಕಾಣುತ್ತದೆ. ಆದ್ದರಿಂದ ಎರಡೂ ವರ್ಷಗಳಿಗೆ ಒಂದೇ ದರವನ್ನು ಅನ್ವಯಿಸಿಯೂ ಹೋಲಿಸುವುದು ರೂಢಿ.

ವರ್ಗಾವಣೆ ಬೆಲೆ: ಒಂದೇ ಕಂಪನಿಯ ಶಾಖೆಗಳು ಪರಸ್ಪರ ಮಾರುವ ಸರಕಿನ ಬೆಲೆಯನ್ನು ಅವಲಂಬಿಸಿ ಲಾಭವು ಒಂದು ದೇಶದಿಂದ ಇನ್ನೊಂದಕ್ಕೆ ಸರಿಯುತ್ತದೆ. ಸಂಬಂಧವಿಲ್ಲದ ಇಬ್ಬರ ನಡುವೆ ಇರುವಂಥ ಬೆಲೆಯೇ ಇಲ್ಲಿಯೂ ಇರಬೇಕೆಂಬುದು ತೆರಿಗೆ ಕಾನೂನುಗಳ ತತ್ತ್ವ. ಭಾರತದಲ್ಲಿ ಈ ಕುರಿತ ವಿಸ್ತೃತ ನಿಯಮಗಳು 2001ರ ಹಣಕಾಸು ಕಾಯಿದೆಯ ಮೂಲಕ ಬಂದವು.

ಸಾಮಾನ್ಯ ವೆಚ್ಚಗಳ ಹಂಚಿಕೆ: ಕೇಂದ್ರ ಕಚೇರಿ, ಗಣಕ ವ್ಯವಸ್ಥೆ ಮುಂತಾದವುಗಳ ಖರ್ಚು ಯಾವುದೇ ಒಂದು ಸರಕಿಗೆ ಸೇರಿದ್ದಲ್ಲ. ಅದನ್ನು ಹಂಚುವ ರೀತಿಯು ಫಲಿತಾಂಶವನ್ನೇ ಬದಲಿಸಬಲ್ಲದು.

ಉದಾಹರಣೆ

ಒಂದು ಕಂಪನಿಯು ‘ಅ’ ಸರಕನ್ನು 600 ಲಕ್ಷಕ್ಕೂ ‘ಆ’ ಸರಕನ್ನು 400 ಲಕ್ಷಕ್ಕೂ ಮಾರುತ್ತದೆ ಎನ್ನೋಣ. ನೇರ ವೆಚ್ಚ ಕ್ರಮವಾಗಿ 400 ಮತ್ತು 330 ಲಕ್ಷ. ಉಳಿಯುವುದು 200 ಮತ್ತು 70 ಲಕ್ಷ. ಸಾಮಾನ್ಯ ವೆಚ್ಚವಾದ 200 ಲಕ್ಷವನ್ನು ಮಾರಾಟದ ಪ್ರಮಾಣದಲ್ಲಿ ಹಂಚಿದರೆ ‘ಅ’ಗೆ 120, ‘ಆ’ಗೆ 80 ಲಕ್ಷ ಬೀಳುತ್ತದೆ. ಆಗ ‘ಅ’ 80 ಲಕ್ಷ ಲಾಭವನ್ನೂ ‘ಆ’ 10 ಲಕ್ಷ ನಷ್ಟವನ್ನೂ ತೋರಿಸುತ್ತವೆ; ಒಟ್ಟು ಲಾಭ 70 ಲಕ್ಷ. ನಷ್ಟವೆಂದು ‘ಆ’ ಸರಕನ್ನು ನಿಲ್ಲಿಸಿದರೂ ಸಾಮಾನ್ಯ ವೆಚ್ಚ ತಗ್ಗದಿದ್ದರೆ, ಇಡೀ 200 ಲಕ್ಷವೂ ‘ಅ’ ಮೇಲೆ ಬಿದ್ದು ಕಂಪನಿಯ ಲಾಭ ಸೊನ್ನೆಯಾಗುತ್ತದೆ.

ಇಂತಹ ತಪ್ಪನ್ನು ತಪ್ಪಿಸಲು, ವೆಚ್ಚಕ್ಕೆ ಕಾರಣವಾದ ಕೆಲಸವನ್ನು ಗುರುತಿಸಿ ಹಂಚುವ ‘ಚಟುವಟಿಕೆ ಆಧಾರಿತ ವೆಚ್ಚ ನಿರ್ಣಯ’ ಪದ್ಧತಿಯನ್ನು ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲನ್ 1980ರ ದಶಕದಲ್ಲಿ ಪ್ರತಿಪಾದಿಸಿದರು. ಸಾಮಾನ್ಯ ವೆಚ್ಚವನ್ನು ಹಂಚುವ ಮೊದಲಿನ ಉಳಿಕೆಯನ್ನು ಪ್ರತ್ಯೇಕವಾಗಿ ನೋಡುವುದೂ ಇನ್ನೊಂದು ಉಪಾಯ.

ಮಿತಿಗಳು

ತಂತ್ರಾಂಶವು ತನಗೆ ಕೊಟ್ಟ ನಿಯಮದಂತೆ ಲೆಕ್ಕ ಮಾಡುತ್ತದೆಯೇ ಹೊರತು ಆ ನಿಯಮ ಸರಿಯೇ ಎಂದು ಹೇಳುವುದಿಲ್ಲ. ವಿನಿಮಯ ದರ, ವರ್ಗಾವಣೆ ಬೆಲೆ ಮತ್ತು ವೆಚ್ಚ ಹಂಚಿಕೆಯ ಕ್ರಮಗಳನ್ನು ಕಂಪನಿಯ ಆಡಳಿತವೇ ನಿರ್ಧರಿಸಬೇಕಾಗುತ್ತದೆ. ಕಾರ್ಖಾನೆಯೊಂದನ್ನು ಮುಚ್ಚುವ, ನೌಕರರನ್ನು ಕಡಿತಗೊಳಿಸುವ ತೀರ್ಮಾನಗಳು ಇಂತಹ ವರದಿಗಳನ್ನು ಆಧರಿಸಿರಬಹುದು. ಆದುದರಿಂದ ಅಂಕಿಗಳ ಜೊತೆಗೆ ಅವನ್ನು ಲೆಕ್ಕ ಹಾಕಿದ ನಿಯಮಗಳನ್ನೂ ವರದಿಯಲ್ಲಿ ನಮೂದಿಸುವುದು ಅಗತ್ಯ.